ಕೆಂಗೇರಿ ಮೋರಿಯ ನಿಜ ಹೆಸರು

ಮೈಸೂರು ರಸ್ತೆಯಲ್ಲಿ ಬಸ್ಸು ನಾಯಂಡಹಳ್ಳಿ ಹತ್ತಿರವಾಗುತ್ತಿದ್ದಂತೆ ಕಿಟಕಿಯ ಗಾಜುಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತವೆ. ಪಕ್ಕದಲ್ಲಿ ಕಪ್ಪಗೆ, ನೊರೆ ಕಟ್ಟಿಕೊಂಡು ಹರಿಯುವುದನ್ನು ಜನ ಕೆಂಗೇರಿ ಮೋರಿ ಎನ್ನುತ್ತಾರೆ. ಅದು ವೃಷಭಾವತಿ.

ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಡಿ ಹುಟ್ಟಿದ ಹೊಳೆ ಎಂಬ ನಂಬಿಕೆಯಿಂದ ಬಂದ ಹೆಸರಿದು. ಹೊಳೆಯ ಇನ್ನೊಂದು ಎಳೆ ಮಲ್ಲೇಶ್ವರದ ಕಡೆಯದು. ಕಾಡು ಮಲ್ಲೇಶ್ವರ ಗುಡಿಯ ಎದುರಿನ ನಂದಿತೀರ್ಥದಲ್ಲಿ ಕಲ್ಲಿನ ಬಸವನ ಬಾಯಿಂದ ತಿಳಿನೀರು ಲಿಂಗದ ಮೇಲೆ ಬೀಳುವುದನ್ನು ನೋಡಿದವರಿಗೆ, ನಾಯಂಡಹಳ್ಳಿಯ ನೀರು ಅದರದೇ ಬಳಗ ಎಂದರೆ ನಂಬಿಕೆ ಬರುವುದಿಲ್ಲ. ಬ್ಯಾಟರಾಯನಪುರದ ಗಾಳಿ ಆಂಜನೇಯ ಇದೇ ಹೊಳೆಯ ದಡದವನು. ಜೋರು ಮಳೆ ಬಂದಾಗ ಕೊಳಚೆ ಗುಡಿಯೊಳಕ್ಕೂ ನುಗ್ಗಿದ್ದುಂಟು.

ಬೆಂಗಳೂರು ಕೂತಿರುವುದು ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲೆ. ಪೂರ್ವಕ್ಕೆ ಇಳಿದ ನೀರು ದಕ್ಷಿಣ ಪಿನಾಕಿನಿಯ ಪಾಲು. ಪಶ್ಚಿಮಕ್ಕೆ ಇಳಿದದ್ದು ವೃಷಭಾವತಿಯಾಗಿ ಕೆಂಗೇರಿ, ಬಿಡದಿ ಸೀಮೆ ಹಾದು ಅರ್ಕಾವತಿಯನ್ನು ಕೂಡುತ್ತದೆ. ಅರ್ಕಾವತಿ ಸಂಗಮದಲ್ಲಿ ಕಾವೇರಿಗೆ ಸೇರುತ್ತದೆ.

ದಿಣ್ಣೆಯ ಮೇಲೆ ಹುಟ್ಟಿದ ಇಂಥ ಹಳ್ಳ ಬೇಸಿಗೆಯಲ್ಲಿ ಬತ್ತಬೇಕು. ಆದರೆ ಇದು ವರ್ಷವಿಡೀ ತುಂಬಿ ಹರಿಯುತ್ತದೆ. ಸುಮಾರು 100 ಕಿ.ಮೀ. ದೂರದಿಂದ ಪಂಪು ಮಾಡಿ ಏರಿಸಿದ ಕಾವೇರಿಯಲ್ಲಿ ನಾವು ಮಿಂದು, ಬಟ್ಟೆ ಒಗೆದು, ಪಾತ್ರೆ ತೊಳೆದು ಬಿಟ್ಟ ನೀರೇ ಅದರ ಮುಖ್ಯ ಹರಿವು. ಮೈಸೂರು ರಸ್ತೆಯ ಬದಿಯಲ್ಲಿ ಶುದ್ಧೀಕರಣ ಘಟಕಗಳಿವೆ, ಆದರೂ ರಾಜಕಾಲುವೆಗಳ ಹಾದಿಯಲ್ಲಿ ಹಸಿ ಕೊಳಚೆ ಇಳಿಯುತ್ತಲೇ ಇದೆ. ಪೀಣ್ಯದಿಂದ ಬಿಡದಿಯವರೆಗಿನ ಕಾರ್ಖಾನೆಗಳ ತ್ಯಾಜ್ಯವೂ ಜೊತೆಗೂಡುತ್ತದೆ. ಕಾವೇರಿಯಿಂದ ಕಡ ತಂದದ್ದನ್ನು ನಾವು ಕಾವೇರಿಗೆ ಮರಳಿಸುತ್ತಿರುವ ಬಗೆ ಇದು.

ಇದರ ಭಾರವನ್ನೆಲ್ಲ ಹೊತ್ತಿರುವುದು ಹೊಳೆಯ ಹಾದಿಯಲ್ಲಿರುವ ಬೈರಮಂಗಲದ ಕೆರೆ. ನೀರಾವರಿಗೆಂದು 1940ರ ದಶಕದಲ್ಲಿ ಕಟ್ಟಿದ ಆ ಕೆರೆಯ ಕೋಡಿಯಲ್ಲಿ ನೀರು ಧುಮುಕಿದಾಗ ಸೋಪಿನ ಪುಡಿಯೆಲ್ಲ ನೊರೆಯಾಗಿ ಏಳುತ್ತದೆ. ಗಾಳಿ ಬೀಸಿದರೆ ರಸ್ತೆಗೂ ಹಾರುತ್ತದೆ. ಭತ್ತ ಬೆಳೆಯುತ್ತಿದ್ದ ಗದ್ದೆಗಳಲ್ಲಿ ಈಗ ಸೀಮೆಹುಲ್ಲು. ಅದನ್ನು ಮೇಯುವ ಹಸುಗಳ ಹಾಲು ಡೇರಿಗೆ ಹೋಗುತ್ತದೆ, ಅಲ್ಲಿ ಬೆಳೆದ ತರಕಾರಿ ಪೇಟೆಗೆ ಬರುತ್ತದೆ. ಗದ್ದೆಗಿಳಿದವರ ಕಾಲಿಗೆ ತುರಿಕೆ. ಹಾಗೆಂದು ಈ ನೀರೇ ಬೇಡ ಎನ್ನುವ ಸ್ಥಿತಿಯಲ್ಲಿ ರೈತರಿಲ್ಲ. ಬೇಸಿಗೆಯಲ್ಲಿ ಆ ಕೆರೆಗೆ ಬರುವುದು ಇದೊಂದೇ.