ಹೆಸರು ಮದ್ರಾಸ್, ಕೈರುಚಿ ಕರಾವಳಿಯದು: ಮಾಟುಂಗದಲ್ಲೊಂದು ಕಾಮತರ ಹೊಟೇಲು

ಮುಂಬಯಿ: ಭಾನುವಾರ ಬೆಳಿಗ್ಗೆ ಮಾಟುಂಗ ಪೂರ್ವದ ಕಿಂಗ್ಸ್ ಸರ್ಕಲ್ ಬಳಿ ಹೋದವರಿಗೆ ಒಂದು ಹೊಟೇಲಿನ ಎದುರು ಜನ ಗುಂಪುಗೂಡಿ ನಿಂತಿರುವುದು ಕಾಣದೆ ಇರದು. ಹೆಸರು ಬರೆಸಿ ಸರದಿ ಕಾಯುವವರಲ್ಲಿ ಅಜ್ಜ-ಅಜ್ಜಿಯರಿದ್ದಾರೆ, ಮೊಮ್ಮಕ್ಕಳಿದ್ದಾರೆ, ಕಾಲೇಜು ಹುಡುಗರೂ ಇದ್ದಾರೆ. ಮರಾಠಿ, ಗುಜರಾತಿ, ತಮಿಳು, ಕೊಂಕಣಿ, ಕನ್ನಡ ಎಲ್ಲವೂ ಕಿವಿಗೆ ಬೀಳುತ್ತವೆ. ಫಲಕದ ಮೇಲಿನ ಹೆಸರು ಕೆಫೆ ಮದ್ರಾಸ್. ನಡೆಸುವವರು ಮಾತ್ರ ಕಾಮತ್ ಮನೆತನದವರು.

ಗೋಪಾಲ ಕಾಮತರು ಇದನ್ನು ಆರಂಭಿಸಿದ್ದು 1940ರಲ್ಲಿ. ದಕ್ಷಿಣದಿಂದ ಬಂದವರೆಲ್ಲರನ್ನೂ ಮುಂಬಯಿ ಜನ ‘ಮದ್ರಾಸಿ’ ಎಂಬ ಒಂದೇ ಹೆಸರಿನಿಂದ ಕರೆಯುತ್ತಿದ್ದ ಕಾಲವದು. ಹೆಸರು ಏನೇ ಇರಲಿ, ಮೇಜಿಗೆ ಬರುವ ನೀರುದೋಸೆಯಲ್ಲಿ ಕರಾವಳಿಯ ಮನೆಯಡುಗೆಯ ರುಚಿಯಿದೆ. ರಾಗಿ ದೋಸೆ, ಸಾರಿನಲ್ಲಿ ಮುಳುಗಿದ ವಡೆ, ಅನಾನಸಿನ ಶೀರಾ ಇಲ್ಲಿನ ಹೆಸರಾಂತ ತಿನಿಸುಗಳು. ಕೊನೆಗೆ ಲೋಟ-ಬಟ್ಟಲಿನಲ್ಲಿ ಬರುವ ಫಿಲ್ಟರ್ ಕಾಫಿ ಇಲ್ಲದೆ ಯಾರೂ ಏಳುವುದಿಲ್ಲ.

ಇಂಥ ಹೊಟೇಲುಗಳು ಮಾಟುಂಗದಲ್ಲಿ ಬೇರು ಬಿಟ್ಟದ್ದಕ್ಕೆ ಕಾರಣವಿದೆ. 1896ರ ಪ್ಲೇಗಿನ ಬಳಿಕ ಹಳೆಯ ನಗರದ ಇಕ್ಕಟ್ಟು ತಗ್ಗಿಸಲು 1898ರಲ್ಲಿ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿಕೊಂಡಿತು. ದಾದರ್-ಮಾಟುಂಗದ ಅಗಲ ರಸ್ತೆಗಳು, ಮರಗಳ ಸಾಲು ಅದರ ಯೋಜನೆಯ ಫಲ. ಗುಮಾಸ್ತಿಕೆ ಅರಸಿ ಬಂದ ದಕ್ಷಿಣದವರು ಇಲ್ಲಿ ನೆಲೆಸಿದರು. ಮನೆಯವರನ್ನು ಊರಲ್ಲೇ ಬಿಟ್ಟು ಬಂದವರಿಗೆ ಕೈಗೆಟಕುವ ಬೆಲೆಯಲ್ಲಿ ಊರಿನ ಊಟ, ಒಂದು ಲೋಟ ಒಳ್ಳೆಯ ಕಾಫಿ ಬೇಕಿತ್ತು. ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೇ ಮಾಟುಂಗದಲ್ಲಿ 1942ರಲ್ಲಿ ಬಾಗಿಲು ತೆರೆಯಿತು. 1926ರಲ್ಲಿ ಸ್ಥಾಪನೆಗೊಂಡ ಮೈಸೂರು ಅಸೋಸಿಯೇಶನ್ ಇಲ್ಲಿಗೆ ಸಮೀಪದಲ್ಲೇ ಇದೆ. ನಾಟಕ, ಉಪನ್ಯಾಸ ಮುಗಿಸಿದ ಕನ್ನಡಿಗರಿಗೆ ಮಾತು ಮುಂದುವರಿಸಲು ಕಾಫಿ ಹೊಟೇಲು ನಾಲ್ಕು ಹೆಜ್ಜೆ ದೂರವಷ್ಟೇ.

ಕಾಫಿ ಸರಿಬರಬೇಕಾದರೆ ಅವಸರ ಕೂಡದು. ಚಿಕೋರಿ ಬೆರೆತ ಪುಡಿಯ ಮೇಲೆ ಬಿಸಿನೀರು ಸುರಿದು, ಡಿಕಾಕ್ಷನ್ ತೊಟ್ಟುತೊಟ್ಟಾಗಿ ಇಳಿಯುವವರೆಗೂ ಕಾಯಲೇಬೇಕು. ಹಾಲು ಹದವಾಗಿ ಕಾಯಬೇಕು. ಲೋಟದಿಂದ ಬಟ್ಟಲಿಗೆ ಎತ್ತಿ ಹೊಯ್ದಾಗ ನೊರೆ ಏಳಬೇಕು. ಮಾಡುವವನಿಗೆ ತಾಳ್ಮೆ ಬೇಕು, ಆದರೆ ಕುಡಿಯುವವನು ಹೆಚ್ಚು ಹೊತ್ತು ಕೂರುವಂತಿಲ್ಲ. ಹೊರಗೆ ಇನ್ನೊಬ್ಬರು ಕಾಯುತ್ತಿರುತ್ತಾರೆ!

1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಚಿಕ್ಕಮಗಳೂರಿನ ವಿ. ಜಿ. ಸಿದ್ಧಾರ್ಥ ಅವರು ಆರಂಭಿಸಿದ ಕೆಫೆ ಕಾಫಿ ಡೇ, ಒಂದು ಕಪ್ ಕಾಫಿ ಮುಂದಿಟ್ಟುಕೊಂಡು ಗಂಟೆಗಟ್ಟಲೆ ಕೂರುವ ರೂಢಿಯನ್ನು ಊರೂರಿಗೆ ಹಬ್ಬಿಸಿತು. ಅದಕ್ಕೂ ಅದರದೇ ಸೊಗಸಿದೆ. ಮಾಟುಂಗದ ರೀತಿ ಬೇರೆ. ಇಲ್ಲಿ ಮೇಜು ಯಾರೊಬ್ಬರ ಸ್ವಂತವೂ ಅಲ್ಲ. ಕಾರಿನಲ್ಲಿ ಬಂದವರ ಎದುರು ನಡೆದು ಬಂದವರು ಕುಳಿತಿರುತ್ತಾರೆ. ಬರೀ ಕಾಫಿ ಕೇಳಿದವರಿಗೂ ಹೊಟ್ಟೆ ತುಂಬ ತಿಂದವರಿಗೂ ಕುರ್ಚಿ ಒಂದೇ. ಕುಡಿದು ಮುಗಿಸಿದವರು ಎದ್ದು ಜಾಗ ಬಿಟ್ಟುಕೊಡುವುದು ಇಲ್ಲಿ ಯಾರೂ ಬರೆದು ಹಾಕದ ನಿಯಮ. ಕೆಫೆಯ ನಿಜವಾದ ವಿಶೇಷ ಇದೇ. ಒಂದು ಪುಟ್ಟ ಜಾಗ ಇಡೀ ಕೇರಿಗೆ ಸಾಲುವುದು ಹೀಗೆ.

ಮಹಾನಗರದಲ್ಲಿ ಉಡುಪಿ ಹೊಟೇಲೆಂದರೆ ಬರೀ ತಿಂಡಿಯ ತಾಣವಾಗಿರಲಿಲ್ಲ. ಹಗಲು ಮೇಜು ಒರೆಸಿದ ಎಷ್ಟೋ ಹುಡುಗರು ರಾತ್ರಿ ಕನ್ನಡ ಶಾಲೆಯಲ್ಲಿ ಕಲಿತು ಬದುಕು ಕಟ್ಟಿಕೊಂಡರು. ಇಂದು ಆ ರಾತ್ರಿಶಾಲೆಗಳಲ್ಲಿ ಹಲವು ಮುಚ್ಚಿವೆ. ಹಳೆಯ ಹೊಟೇಲುಗಳು ಕೆಲವು ಬಾರ್‌ಗಳಾದವು, ಕೆಲವು ಹೊಸ ಕಟ್ಟಡಗಳ ಅಡಿಯಲ್ಲಿ ಕಣ್ಮರೆಯಾದವು. ಓದಿದ ಮಕ್ಕಳು ಗಲ್ಲಾದಲ್ಲಿ ಕೂರಲು ಒಲ್ಲೆನ್ನುವುದು ಹಲವು ಹೊಟೇಲು ಮನೆತನಗಳ ಕೊರಗು. ಅಂಥದ್ದರಲ್ಲಿ ಕಾಮತರ ಮೂರನೆಯ ತಲೆಮಾರು ಅಜ್ಜನ ಹೊಟೇಲಿಗೆ ಮನಸ್ಸು ಕೊಟ್ಟಿರುವುದು ಸಣ್ಣ ಮಾತಲ್ಲ.

2020ರ ಮಾರ್ಚ್‌ನಲ್ಲಿ ಕೊರೊನಾದಿಂದಾಗಿ ಮಹಾರಾಷ್ಟ್ರದ ಹೊಟೇಲುಗಳಲ್ಲಿ ಕುಳಿತು ತಿನ್ನುವುದು ನಿಂತುಹೋಗಿತ್ತು. ಮತ್ತೆ ಅನುಮತಿ ದೊರೆತದ್ದು ಅಕ್ಟೋಬರ್ 5ರಂದು, ಅದೂ ಅರ್ಧದಷ್ಟು ಕುರ್ಚಿಗಳಿಗೆ ಮಾತ್ರ. ಕಾಫಿಯನ್ನು ಮನೆಯಲ್ಲೂ ಮಾಡಿಕೊಳ್ಳಬಹುದು, ಎದುರಿಗೆ ಕೂರುವ ಅಪರಿಚಿತನನ್ನು ಮನೆಗೆ ತರಿಸಿಕೊಳ್ಳಲಾಗದು ಎಂಬುದು ಆ ತಿಂಗಳುಗಳಲ್ಲಿ ಅನೇಕರಿಗೆ ಅರಿವಾಯಿತು.

ಮುಂದಿನ ಸಲ ಶಣ್ಮುಖಾನಂದ ಸಭಾಗೃಹದ ಕಾರ್ಯಕ್ರಮಕ್ಕೆ ಬರುವ ತುಳು-ಕನ್ನಡಿಗರು ಮಕ್ಕಳನ್ನೂ ಕರೆದುಕೊಂಡು ಬಂದು ಇಲ್ಲೊಮ್ಮೆ ಸರದಿಯಲ್ಲಿ ನಿಲ್ಲಲಿ. ಅಜ್ಜನ ಕಾಲದ ಮುಂಬಯಿ ಹೇಗಿತ್ತೆಂದು ಹೇಳಿಕೊಡಲು ಒಂದು ಲೋಟ ಕಾಫಿಯಷ್ಟು ಹೊತ್ತು ಸಾಕು. ಕುಡಿದಾದ ಮೇಲೆ ಎದ್ದು ಮುಂದಿನವರಿಗೆ ಜಾಗ ಕೊಡುವುದನ್ನೂ ಮಕ್ಕಳು ಕಲಿಯಲಿ.