ಅಲೆಯ ಸದ್ದು ಮಾರಿದ ಊರು

ಹೊನೊಲುಲುವಿನ ವೈಕೀಕಿ ಕಡಲತಡಿಯಲ್ಲಿ ಮೊವಾನಾ ಎಂಬ ಹಳೆಯ ಹೋಟೆಲಿದೆ. ಅದರ ಅಂಗಳದಲ್ಲೊಂದು ಆಲದ ಮರ. 1904ರಲ್ಲಿ ನೆಟ್ಟದ್ದು, ಜಾತಿಯಲ್ಲಿ ನಮ್ಮ ಕಡೆಯ ಆಲವೇ. 1935ರ ಜುಲೈಯಿಂದ ವಾರಕ್ಕೊಮ್ಮೆ ಅದರ ಕೆಳಗೆ ಹಾಡುವವರು, ಗಿಟಾರು ನುಡಿಸುವವರು ಸೇರುತ್ತಿದ್ದರು. ವೆಬ್ಲಿ ಎಡ್ವರ್ಡ್ಸ್ ಎಂಬ ನಿರೂಪಕ ಮಾತು ಶುರು ಮಾಡುವ ಹೊತ್ತಿಗೆ ಇನ್ನೊಬ್ಬ ಮೈಕ್ ಹಿಡಿದು ಮರಳಿಗಿಳಿದು, ನೀರಿನ ಅಂಚಿನಲ್ಲಿ ನಿಂತಿರುತ್ತಿದ್ದ. ಅಲೆ ಒಡೆಯುವ ಸದ್ದು ರೇಡಿಯೊದಲ್ಲಿ ಪೆಸಿಫಿಕ್ ದಾಟಿ ಅಮೆರಿಕದ ಒಳನಾಡಿನ ಮನೆಗಳಿಗೆ ಹೋಗುತ್ತಿತ್ತು. ಜೊತೆಗೆ, ಇಲ್ಲಿ ಈಗ ಗಾಳಿ ಎಷ್ಟು ಬೆಚ್ಚಗಿದೆ, ನೀರು ಎಷ್ಟು ಬೆಚ್ಚಗಿದೆ ಎಂಬ ವರದಿ. ಕಿಟಕಿಯಾಚೆ ಹಿಮ ಬೀಳುತ್ತಿರುವಾಗ ಷಿಕಾಗೊದಲ್ಲಿ ಕೂತವರಿಗೆ ಇಷ್ಟು ಸಾಕಿತ್ತು.

'ಹವಾಯಿ ಕಾಲ್ಸ್' ಎಂಬ ಆ ಕಾರ್ಯಕ್ರಮ 1975ರವರೆಗೆ ನಡೆಯಿತು. ಉಚ್ಛ್ರಾಯದ ದಿನಗಳಲ್ಲಿ ಜಗತ್ತಿನ ಸುಮಾರು 750 ರೇಡಿಯೊ ಕೇಂದ್ರಗಳು ಅದನ್ನು ಬಿತ್ತರಿಸುತ್ತಿದ್ದವು. ಕೇಳುಗರಿಗೆ ಅದು ಹಾಡಿನ ಕಾರ್ಯಕ್ರಮ. ಆದರೆ ಅದಕ್ಕೆ ಸರ್ಕಾರದ ಹಣವೂ ಹರಿಯುತ್ತಿತ್ತು, ಹರಿಯುತ್ತಿದ್ದ ದಾರಿ ಪ್ರವಾಸೋದ್ಯಮ ಬ್ಯೂರೋ. ಕಡಲತೀರವನ್ನು ಮಾರುವ ಕಚೇರಿಯೊಂದು ಜಾಹೀರಾತು ಅನ್ನಿಸದ ಹಾಗೆ ಜಾಹೀರಾತು ಮಾಡುವುದನ್ನು ಅಷ್ಟು ಹೊತ್ತಿಗೆ ಚೆನ್ನಾಗಿ ಕಲಿತಿತ್ತು.

ಆ ಕಲಿಕೆಯ ಆರಂಭ ಅಷ್ಟು ಇಂಪಾದುದಲ್ಲ. 1892ರಲ್ಲಿ, ಹವಾಯಿ ಇನ್ನೂ ಸ್ವತಂತ್ರ ರಾಜ್ಯವಾಗಿದ್ದಾಗಲೇ, ಲಾರಿನ್ ಥರ್ಸ್ಟನ್ ಎಂಬ ವಕೀಲ ಮುಂದೆ ನಿಂತು ಹೊರಗಿನವರಿಗೆ ದ್ವೀಪಗಳ ಪರಿಚಯ ಮಾಡಿಕೊಡುವ ಮಾಹಿತಿ ಕೇಂದ್ರವೊಂದನ್ನು ಹುಟ್ಟುಹಾಕಿದ. ಮಿಷನರಿಗಳ ಮೊಮ್ಮಗ. ಕಿಲಾವೆಯಾ ಜ್ವಾಲಾಮುಖಿಯ ಅಂಚಿನ ಹೋಟೆಲಿನಲ್ಲಿ ಅವನ ಬಂಡವಾಳವಿತ್ತು. 1893ರ ಷಿಕಾಗೊ ವಿಶ್ವಮೇಳದಲ್ಲಿ, ಅಂದರೆ ವಿವೇಕಾನಂದರು ಭಾಷಣ ಮಾಡಿದ ಧರ್ಮ ಸಮ್ಮೇಳನ ನಡೆದ ಅದೇ ವರ್ಷದ ಅದೇ ಮೇಳದಲ್ಲಿ, ಕಿಲಾವೆಯಾ ಬೆಂಕಿಬಾಯಿಯ ದೊಡ್ಡ ವರ್ತುಲ ಚಿತ್ರವನ್ನು ಟಿಕೆಟ್ ಇಟ್ಟು ತೋರಿಸಿದ್ದರ ಹಿಂದೆಯೂ ಅವನಿದ್ದ. ಅದೇ ವರ್ಷದ ಜನವರಿ 17ರಂದು ರಾಣಿ ಲಿಲಿಯುಓಕಲಾನಿಯನ್ನು ಪದಚ್ಯುತಗೊಳಿಸಿದ ಗುಂಪಿನ ಮುಂದಾಳುಗಳಲ್ಲಿಯೂ ಅವನಿದ್ದ. ಅಮೆರಿಕದ ನೌಕಾಪಡೆಯವರು ದಡಕ್ಕಿಳಿದು ನಿಂತಿದ್ದಾಗ ನಡೆದ ಕ್ರಾಂತಿ ಅದು. 1898ರಲ್ಲಿ ಅಮೆರಿಕ ದ್ವೀಪಗಳನ್ನು ಸೇರಿಸಿಕೊಂಡಿತು.

1903ರಲ್ಲಿ ಹೊನೊಲುಲುವಿನ ವಾಣಿಜ್ಯ ಮಂಡಳಿ ಮತ್ತು ವರ್ತಕರ ಸಂಘ ಸೇರಿ ಹವಾಯಿ ಪ್ರಚಾರ ಸಮಿತಿ ಕಟ್ಟಿದವು. ಇಂದಿನ ಬ್ಯೂರೋದ ಬೇರು ಇರುವುದು ಅಲ್ಲಿ. ರಾಜ್ಯ ಹೋಗಿ ಹತ್ತೇ ವರ್ಷವಾಗಿತ್ತು. ಪ್ರಚಾರ ಸಾಹಿತ್ಯದಲ್ಲಿ ಮಾತ್ರ ಅಲ್ಲಿನ ಜನ ಕೊರಳಿಗೆ ಹೂಮಾಲೆ ಹಾಕಿ ನಗುತ್ತ ಬರಮಾಡಿಕೊಳ್ಳುವವರು. ಹಡಗು ಬರುವ ದಿನ, ಹೊರಡುವ ದಿನ ರಾಯಲ್ ಹವಾಯಿಯನ್ ಬ್ಯಾಂಡು ಬಂದರಿನಲ್ಲಿ ನುಡಿಸುತ್ತಿತ್ತು. ಮೂಲದಲ್ಲಿ ಅದು ಅರಸರ ಬ್ಯಾಂಡು. 1893ರಲ್ಲಿ ಹೊಸ ಆಡಳಿತಕ್ಕೆ ನಿಷ್ಠೆಯ ಪ್ರಮಾಣಪತ್ರ ಬರೆದುಕೊಡಲು ಒಪ್ಪದೆ ಅದರ ವಾದಕರು ಕೆಲಸ ಬಿಟ್ಟಿದ್ದರು. ಬೀಳ್ಕೊಡುಗೆಗೆ ಬಾರಿಸುತ್ತಿದ್ದ 'ಅಲೋಹಾ ಓಯೆ' ಆ ರಾಣಿಯೇ ಕಟ್ಟಿದ ಹಾಡು. ಸಿಂಹಾಸನ ಕಳೆದುಕೊಂಡವಳು 1917ರವರೆಗೆ ಅದೇ ಊರಿನಲ್ಲಿ ಬದುಕಿದ್ದಳು. ಅವಳ ಹಾಡು ಪ್ರವಾಸಿಗಳ ವಿದಾಯದ ಹಾಡಾಯಿತು. ಡೈಮಂಡ್ ಹೆಡ್ ಗುಡ್ಡ ದಾಟುವಾಗ ಮಾಲೆಯನ್ನು ನೀರಿಗೆಸೆಯಬೇಕು, ಅದು ದಡ ಸೇರಿದರೆ ನೀವು ಮತ್ತೆ ಬರುತ್ತೀರಿ ಎಂಬ ನಂಬಿಕೆಯೂ ಹಬ್ಬಿತು. ಮತ್ತೆ ಬರುವ ಗಿರಾಕಿಗಾಗಿ ಇದಕ್ಕಿಂತ ಅಗ್ಗದ ಯೋಜನೆಯನ್ನು ಯಾವ ಜಾಹೀರಾತು ಕಂಪನಿಯೂ ಮಾಡಲಾರದು.

1915ರ ಸ್ಯಾನ್ ಫ್ರಾನ್ಸಿಸ್ಕೊ ಪ್ರದರ್ಶನದಲ್ಲಿ ಹವಾಯಿಗೊಂದು ಮಂಟಪವಿತ್ತು. ಅಲ್ಲಿ ನುಡಿಸಿದ ಯುಕುಲೇಲೆ ಮತ್ತು ಸ್ಟೀಲ್ ಗಿಟಾರ್ ಅಮೆರಿಕಕ್ಕೆ ಹುಚ್ಚು ಹಿಡಿಸಿದವು. ಮರುವರ್ಷ ಹವಾಯಿ ಸಂಗೀತದ ರೆಕಾರ್ಡುಗಳು ಬಿಸಿಬಿಸಿಯಾಗಿ ಖರ್ಚಾದವು. ಆ ಗಿಟಾರು ನಮ್ಮ ದೇಶಕ್ಕೂ ಬಂತು. ಟಾವು ಮೋ ಎಂಬ ಕಲಾವಿದ 1940ರ ದಶಕದಲ್ಲಿ ಕುಟುಂಬ ಸಮೇತ ಕೋಲ್ಕತ್ತದಲ್ಲಿ ನೆಲೆಸಿದ್ದ. ಹಿಂದಿ ಚಿತ್ರಗೀತೆಗಳ ನಡುವೆ ಜಾರುತ್ತ ಬರುವ ಆ ತಂತಿಯ ದನಿ, ಮುಂದೆ ಬ್ರಿಜ್ ಭೂಷಣ್ ಕಾಬ್ರಾ ಹಿಂದೂಸ್ತಾನಿ ರಾಗಕ್ಕೆ ಒಗ್ಗಿಸಿದ, ವಿಶ್ವಮೋಹನ ಭಟ್ಟರು ಮೋಹನವೀಣೆಯಾಗಿ ರೂಪಿಸಿದ ವಾದ್ಯ, ಎಲ್ಲದರ ವಂಶವೃಕ್ಷದ ಬುಡ ಆ ದ್ವೀಪಗಳಲ್ಲಿದೆ. ಯಾವ ಸಮಿತಿಯೂ ಇಷ್ಟು ದೂರದ ಲೆಕ್ಕ ಹಾಕಿರಲಿಕ್ಕಿಲ್ಲ.

1919ರಲ್ಲಿ ಸಮಿತಿಯ ಹೆಸರು ಹವಾಯಿ ಟೂರಿಸ್ಟ್ ಬ್ಯೂರೋ ಎಂದಾಯಿತು. ಆಗ ಚಿತ್ರಪಟದಲ್ಲಿದ್ದ ವೈಕೀಕಿಗೂ ನೆಲದ ಮೇಲಿನ ವೈಕೀಕಿಗೂ ಬಹಳ ಅಂತರವಿತ್ತು. ದಡದ ಹಿಂದೆ ಕೆಸುವಿನ ಗದ್ದೆ, ಭತ್ತದ ಗದ್ದೆ, ಬಾತುಕೋಳಿ ಕೊಳಗಳು. ಚೀನೀ, ಜಪಾನೀ ರೈತರ ದುಡಿಮೆಯ ಜಾಗ. ಸೊಳ್ಳೆ ಮತ್ತು ಆರೋಗ್ಯದ ಕಾರಣ ಹೇಳಿ 1920ರ ದಶಕದಲ್ಲಿ ಅಲಾ ವೈ ಕಾಲುವೆ ತೋಡಿ, ಬಂದ ಹೂಳಿನಿಂದ ಗದ್ದೆಗಳನ್ನು ಮುಚ್ಚಿದರು. ಹೋಟೆಲು ಕಟ್ಟಲು ನೆಲ ಸಿಕ್ಕಿತು, ರೈತರು ಹೋದರು. 1927ರಲ್ಲಿ ರಾಯಲ್ ಹವಾಯಿಯನ್ ಎಂಬ ಗುಲಾಬಿ ಬಣ್ಣದ ಹೋಟೆಲು ತೆರೆಯಿತು. ಕಟ್ಟಿಸಿದ್ದು ಮ್ಯಾಟ್ಸನ್ ಹಡಗು ಕಂಪನಿ. ಅದರ ಬೆನ್ನಿಗಿದ್ದದ್ದು ಕಬ್ಬಿನ ತೋಟಗಳ ಹಣ. ಕರೆತರುವ ಹಡಗೂ ಅವರದೇ, ಇಳಿಸುವ ಕೋಣೆಯೂ ಅವರದೇ. ಇನ್ನು ಮರಳು. ದಡದುದ್ದಕ್ಕೂ ಕಟ್ಟಿದ ಗೋಡೆಗಳಿಂದಾಗಿ ಅಲೆ ಮರಳನ್ನು ಕಿತ್ತೊಯ್ಯುತ್ತದೆ, ಹಾಗಾಗಿ ಮೊಲೊಕಾಯಿ ದ್ವೀಪ ಸೇರಿದಂತೆ ಬೇರೆಡೆಗಳಿಂದ ತಂದು ಸುರಿಯಬೇಕಾಯಿತು. 2012ರಲ್ಲಿಯೂ ಸಮುದ್ರತಳದಿಂದ ಪಂಪು ಮಾಡಿ ತುಂಬಿದರು. ಚಿತ್ರಪಟದಲ್ಲಿ ಇದ್ದಂತೆ ತೀರ ಕಾಣಬೇಕಲ್ಲ.

ಹುಲಾ ನೃತ್ಯದ ಕಥೆ ಇನ್ನೂ ಸ್ವಾರಸ್ಯ. ಪ್ರವಾಸಿಗಳಿಗೆ ಹುಲಾ ಕಾಣುತ್ತಿದ್ದುದು ಹೆಚ್ಚಾಗಿ ರಾತ್ರಿಯ ಊಟದ ಹೊತ್ತಿನಲ್ಲಿ. ಆ ಕಾಲದ ಫಿಲ್ಮಿಗೆ ಅಷ್ಟು ಬೆಳಕು ಸಾಲದು, ಫೋಟೊ ಬರುತ್ತಿರಲಿಲ್ಲ. 1937ರಲ್ಲಿ ಕೊಡಾಕ್ ಕಂಪನಿಯ ಸ್ಥಳೀಯ ಅಧಿಕಾರಿ ಫ್ರಿಟ್ಸ್ ಹರ್ಮನ್ ಹಗಲು ಬಿಸಿಲಿನಲ್ಲಿ, ಬಿಟ್ಟಿಯಾಗಿ, ಹುಲಾ ಪ್ರದರ್ಶನ ಶುರು ಮಾಡಿಸಿದ. ಜನ ಬಂದರು, ರೀಲುಗಟ್ಟಲೆ ತೆಗೆದರು. ಊರಿಗೆ ಹೋಗಿ ಎಲ್ಲರಿಗೂ ತೋರಿಸಿದರು. ಬ್ಯೂರೋಗೆ ಕಾಸಿಲ್ಲದೆ ಸಾವಿರಾರು ಪ್ರಚಾರಕರು ಸಿಕ್ಕರು. ಆ ಪ್ರದರ್ಶನ 2002ರವರೆಗೂ ನಡೆಯಿತು.

ಎರಡನೇ ಮಹಾಯುದ್ಧದ ವರ್ಷಗಳಲ್ಲಿ ವೈಕೀಕಿಯಲ್ಲಿ ಮುಳ್ಳುತಂತಿ, ಗುಲಾಬಿ ಹೋಟೆಲಿನಲ್ಲಿ ನೌಕಾಪಡೆಯವರ ವಿಶ್ರಾಂತಿ. ಯುದ್ಧ ಮುಗಿಯುವ ಹೊತ್ತಿಗೆ ಬ್ಯೂರೋ 'ಹವಾಯಿ ವಿಸಿಟರ್ಸ್ ಬ್ಯೂರೋ' ಎಂಬ ಹೆಸರಿನಲ್ಲಿ ಮತ್ತೆ ಬಾಗಿಲು ತೆರೆಯಿತು. 1959ರಲ್ಲಿ ಎರಡು ಸಂಗತಿಗಳು ಕೂಡಿ ಬಂದವು: ಹವಾಯಿ ಅಮೆರಿಕದ ರಾಜ್ಯವಾಯಿತು, ಜೆಟ್ ವಿಮಾನ ಇಳಿಯಿತು. ಹಡಗಿನಲ್ಲಿ ನಾಲ್ಕೈದು ದಿನ ಹಿಡಿಯುತ್ತಿದ್ದ ಪಯಣ ಸುಮಾರು ಐದು ಗಂಟೆಗೆ ಇಳಿಯಿತು. ಆ ವರ್ಷ ಬಂದವರು ಸುಮಾರು 2.43 ಲಕ್ಷ. 1967ರಲ್ಲಿ ಸಂಖ್ಯೆ 10 ಲಕ್ಷ ದಾಟಿತು. ಇಷ್ಟು ಖಚಿತವಾಗಿ ಎಣಿಸುವುದು ಹೇಗೆ? ಅಮೆರಿಕದ ಇತರ ಕಡೆಯಿಂದ ಹವಾಯಿಗೆ ಹೋಗುವ ವಿಮಾನದಲ್ಲಿ, ಗಿಡ ಹಣ್ಣು ಪ್ರಾಣಿ ತಂದಿದ್ದೀರಾ ಎಂದು ಕೇಳುವ ಕೃಷಿ ಇಲಾಖೆಯ ಫಾರಂ ಕೊಡುತ್ತಿದ್ದರು. ಅದರ ಬೆನ್ನಿಗೆ ಎಷ್ಟು ದಿನ ಇರುತ್ತೀರಿ, ಯಾವ ದ್ವೀಪ, ಎಷ್ಟನೇ ಸಲ ಎಂಬ ಪ್ರಶ್ನೆಗಳು. ಕೀಟ ತಡೆಯುವ ಕಾಗದದ ಹಿಂಬದಿಯಲ್ಲೇ ಗಿರಾಕಿಯ ಜಾತಕ.

ಪ್ರಚಾರದ ಉದ್ದೇಶಕ್ಕೆ ಹುಟ್ಟಿದ್ದೆಲ್ಲ ಪ್ರಚಾರವಾಗಿಯೇ ಉಳಿಯುವುದಿಲ್ಲ. 1960ರ ಸುನಾಮಿಯಲ್ಲಿ ಹಿಲೋ ಪಟ್ಟಣ ನುಚ್ಚುನೂರಾಯಿತು, ಕಬ್ಬಿನ ಉದ್ಯಮವೂ ಸೊರಗುತ್ತಿತ್ತು. ಅಲ್ಲಿನ ಆಡಳಿತದ ಮುಖ್ಯಸ್ಥೆ ಹೆಲೆನ್ ಹೇಲ್, ಹುಲಾ ಗುರು ಜಾರ್ಜ್ ನಾಓಪೆ ಮುಂತಾದವರನ್ನು ಕಟ್ಟಿಕೊಂಡು, ಪ್ರವಾಸಿಗಳನ್ನು ಸೆಳೆಯಲೆಂದು 1964ರಲ್ಲಿ ಮೆರಿ ಮೊನಾರ್ಕ್ ಉತ್ಸವ ಆರಂಭಿಸಿದಳು. 'ಮೆರಿ ಮೊನಾರ್ಕ್' ಎಂಬುದು ಕಲಾಕಾವಾ ಅರಸನ ಅಡ್ಡಹೆಸರು. ಮಿಷನರಿಗಳ ಕೋಪಕ್ಕೆ ಗುರಿಯಾಗಿದ್ದ ಹುಲಾವನ್ನು ಅರಮನೆಗೆ ಮರಳಿ ತಂದವನು ಅವನು. 1971ರಲ್ಲಿ ಹುಲಾ ಸ್ಪರ್ಧೆ ಸೇರಿತು. ದ್ವೀಪಗಳ ಯುವಕರು ಅಜ್ಜಿಯರ ಭಾಷೆಯನ್ನು, ಮಂತ್ರಗಳನ್ನು ಹುಡುಕಿ ಕಲಿಯಲು ತೊಡಗಿದ್ದ ಕಾಲ ಅದು. ಉತ್ಸವ ಅವರ ಕೈಗೆ ಬಂತು. ಈಗ ಅದರ ಟಿಕೆಟ್ ಪ್ರವಾಸಿಗೆ ಸುಲಭವಾಗಿ ಸಿಗುವುದಿಲ್ಲ. ಇಡೀ ಕಥೆಯಲ್ಲಿ ನನಗೆ ಅತ್ಯಂತ ಇಷ್ಟದ ತಿರುವು ಇದೇ.

1998ರಲ್ಲಿ ರಾಜ್ಯವು ಹವಾಯಿ ಪ್ರವಾಸೋದ್ಯಮ ಪ್ರಾಧಿಕಾರ ರಚಿಸಿ, ಹೋಟೆಲ್ ಕೋಣೆಯ ಮೇಲಿನ ತೆರಿಗೆಯಿಂದ ಅದಕ್ಕೆ ಹಣ ಕೊಟ್ಟಿತು. ಹಳೆಯ ಬ್ಯೂರೋ ಅದರ ಗುತ್ತಿಗೆದಾರನಾಯಿತು. 2019ರಲ್ಲಿ ಬಂದವರ ಸಂಖ್ಯೆ ಒಂದು ಕೋಟಿ ಮೀರಿತು. ರಾಜ್ಯದ ಜನಸಂಖ್ಯೆ ಸುಮಾರು 14 ಲಕ್ಷ.

ಸಾಕು ಎಂಬ ಮಾತು ಅದಕ್ಕೂ ಮೊದಲೇ ಎದ್ದಿತ್ತು. ಹನೌಮಾ ಕೊಲ್ಲಿಯಲ್ಲಿ ಹವಳದ ಮೇಲೆ ಕಾಲಿಡುವವರ ಕಾಟಕ್ಕೆ ವಾರದ ರಜೆ, ಪ್ರವೇಶ ಶುಲ್ಕ, ನೀರಿಗಿಳಿಯುವ ಮುನ್ನ ಕಡ್ಡಾಯ ವಿಡಿಯೊ ಬಂದವು. ಕವಾಯಿ ದ್ವೀಪದ ಹಾಯೆನಾ ಉದ್ಯಾನ 2018ರ ನೆರೆಯಿಂದ ಮುಚ್ಚಿತು. ಮರುವರ್ಷ ತೆರೆಯುವಾಗ ದಿನಕ್ಕೆ 900 ಪ್ರವಾಸಿಗಳು, ಅದೂ ಮುಂಗಡ ಕಾದಿರಿಸಿದವರು ಮಾತ್ರ ಎಂದರು. ಕೊರೊನಾ ಕಾಲದಲ್ಲಿ ಬ್ಯೂರೋ 'ಮಾಲಮಾ ಹವಾಯಿ' ಎಂಬ ಅಭಿಯಾನ ಹೂಡಿತು: ಗಿಡ ನೆಡಿ, ದಡ ಸ್ವಚ್ಛ ಮಾಡಿ, ಹೋಟೆಲಿನಲ್ಲಿ ರಿಯಾಯಿತಿ ಪಡೆಯಿರಿ. ಅತಿಥಿಯ ಕೈಗೆ ಕಸದ ಚೀಲ ಕೊಡುವ ಜಾಹೀರಾತು. ನಮ್ಮ ಕರಾವಳಿ ಇನ್ನೂ 'ಬನ್ನಿ' ಎನ್ನುವ ಹಂತದಲ್ಲಿದೆ. ಕಾಸರಕೋಡು, ಪಡುಬಿದ್ರಿ ತೀರಗಳಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮನ್ನಣೆ ಸಿಕ್ಕಿತು, ಮೂಲ್ಕಿಯಲ್ಲಿ ಹುಡುಗರು ಹವಾಯಿಯಿಂದ ಹಬ್ಬಿದ ಸರ್ಫಿಂಗ್ ಕಲಿಯುತ್ತಿದ್ದಾರೆ. ದಿನಕ್ಕೆ ಎಷ್ಟು ಜನ ಸಾಕು ಎಂಬ ಪ್ರಶ್ನೆಯನ್ನು ಸ್ವಾಗತ ಫಲಕ ನೆಡುವಾಗಲೇ ಕೇಳಿಕೊಂಡರೆ ಅಗ್ಗ.

2023ರ ಆಗಸ್ಟ್ 8ರಂದು ಮಾವಿ ದ್ವೀಪದ ಲಹೈನಾ, ಒಂದು ಕಾಲದ ರಾಜಧಾನಿ, ಬೆಂಕಿಗೆ ಆಹುತಿಯಾಯಿತು. ಸುಮಾರು ನೂರು ಜನ ಸತ್ತರು. ಪ್ರವಾಸಿಗಳೇ, ಬರಬೇಡಿ ಎಂದು ಪ್ರಾಧಿಕಾರವೇ ಹೇಳಿತು. ಕೆಲವೇ ವಾರಗಳಲ್ಲಿ ದ್ವೀಪದ ದುಡಿಮೆ ನಿಂತು, ಗೌರವದಿಂದ ಬನ್ನಿ ಎನ್ನಬೇಕಾಯಿತು. ಅಕ್ಟೋಬರ್ 8ರಿಂದ ಪಶ್ಚಿಮ ಮಾವಿ ತೆರೆಯಿತು, ಇನ್ನೂ ಸ್ವಲ್ಪ ತಡೆಯಿರಿ ಎಂದು ಸಾವಿರಾರು ಜನ ಸಹಿ ಹಾಕಿದ್ದರೂ. ಮನೆ ಸುಟ್ಟವರು ಆಗ ಅದೇ ರೆಸಾರ್ಟುಗಳ ಕೋಣೆಗಳಲ್ಲಿದ್ದರು. ಹಾಸಿಗೆ ಸರಿಪಡಿಸುತ್ತಿದ್ದವರಲ್ಲೂ ಮನೆ ಕಳೆದುಕೊಂಡವರಿದ್ದರು.

ಬೆಂಕಿಗೆ ಮೇವಾದದ್ದು ಪಾಳುಬಿದ್ದ ಕಬ್ಬಿನ ತೋಟಗಳಲ್ಲಿ ಬೆಳೆದ, ಹೊರಗಿನಿಂದ ಬಂದ ಹುಲ್ಲು. 2025ರಲ್ಲಿ ಹವಾಯಿ ಒಂದು ಕಾಯ್ದೆ ಮಾಡಿ, 2026ರ ಜನವರಿಯಿಂದ ಕೋಣೆ ತೆರಿಗೆಯನ್ನು 0.75 ಶೇಕಡಾ ಅಂಶ ಏರಿಸಿತು. ಆ ಹಣ ಸವೆದ ತೀರಗಳಿಗೆ ಮರಳು ತುಂಬುವಂಥ ಕೆಲಸಕ್ಕೆ, ಅಂಥ ಹುಲ್ಲು ಕೀಳುವ ಕೆಲಸಕ್ಕೆ. ತೋಟದ ಹಣ ಹೋಟೆಲು ಕಟ್ಟಿತ್ತು. ತೋಟ ಬಿಟ್ಟುಹೋದ ಹುಲ್ಲಿನ ಖರ್ಚು ಈಗ ಹೋಟೆಲಿನ ಬಿಲ್ಲಿನಲ್ಲಿ ಬರುತ್ತದೆ.