ಹೊಟ್ಟಿ ಸಣ್ಣದಾತು, ಬಾಯಿ ಸಣ್ಣದಾಗಲಿಲ್ಲ!

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ. ಈ ಮೂರೂರುಗಳ ನಡುವೆ ಬಸ್ಸಿನಲ್ಲಿ ಓಡಾಡುವವರಿಗೆ ಬಾಯಿ ಕಟ್ಟುವುದು ಎಷ್ಟು ಕಷ್ಟವೆಂದು ಬಿಡಿಸಿ ಹೇಳಬೇಕಾಗಿಲ್ಲ. ಸ್ಟ್ಯಾಂಡಿನಲ್ಲಿ ಇಳಿದರೆ ಮಿರ್ಚಿ ಎಣ್ಣೆಯಲ್ಲಿ ಚುಂಯ್ ಅನ್ನುತ್ತದೆ. ಅಂಗಡಿಯಲ್ಲಿ ಕೂತರೆ, "ಸಾವ್ಕಾರ್ರ, ಚಾ ತರಸ್ಲೇನ್ರಿ?" ಮನೆಗೆ ಹೋದರೆ ಪಂಚಮಿ ಉಂಡಿಯ ಡಬ್ಬಿ. ಇಂಥ ಸೀಮೆಯಲ್ಲಿ, ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗಿ ತೂಕ ಇಳಿಸುವ ಹೊಟ್ಟೆಯ ಆಪರೇಷನ್ ಮಾಡಿಸಿಕೊಂಡು ಬಂದವರ ಪಾಡೇನು?

"ಆಪರೇಷನ್ ಆತು, ಪೀಡಾ ಹೋತು" ಅನ್ನುತ್ತಾರೆ ಮಂದಿ. ನಿಜವಾದ ಕೆಲಸ ಅಲ್ಲಿಂದಲೇ ಶುರು!

ಈ ಆಪರೇಷನ್ ನಿನ್ನೆ ಮೊನ್ನೆಯದಲ್ಲ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಸರ್ಜನ್ ಎಡ್ವರ್ಡ್ ಮೇಸನ್ 1966ರಲ್ಲೇ ಹೊಟ್ಟೆಯ ಬೈಪಾಸ್ ಶುರು ಮಾಡಿದರು. ಜಠರದ ಮೇಲ್ಭಾಗದಲ್ಲಿ ಚಿಕ್ಕ ಚೀಲ ಮಾಡಿ ಅದನ್ನೇ ಕರುಳಿಗೆ ಜೋಡಿಸುವುದು ಅದರ ರೀತಿ. ಈಗ ಹೆಚ್ಚಾಗಿ ನಡೆಯುವ ಸ್ಲೀವ್ ಎಂಬುದರಲ್ಲಿ ಜಠರದ ಸುಮಾರು ಮುಕ್ಕಾಲು ಪಾಲು ಕತ್ತರಿಸಿ ತೆಗೆದು, ಬಾಳೆಹಣ್ಣಿನಂಥ ಕೊಳವೆ ಉಳಿಸುತ್ತಾರೆ. (ಚರ್ಮದ ಕೆಳಗಿನ ಕೊಬ್ಬು ಹೀರಿ ತೆಗೆಯುವುದು ಬೇರೆ, ಇದು ಬೇರೆ. ಎರಡನ್ನೂ ಕಲಸಬೇಡಿ.)

ಮೊದಲ ಒಂದು, ಒಂದೂವರೆ ವರ್ಷ ಎಲ್ಲ ಸುಸೂತ್ರ. ತೂಕ ಇಳಿಯುತ್ತದೆ, ಪ್ಯಾಂಟು ಸಡಿಲಾಗುತ್ತದೆ, ಟೇಲರನಿಗೂ ಕೆಲಸ ಸಿಗುತ್ತದೆ. ಆಮೇಲೆ ಹಸಿವು ಮೆಲ್ಲಗೆ ಮರಳುತ್ತದೆ. ಇಳಿದ ತೂಕದಲ್ಲಿ ಒಂದಿಷ್ಟು ಮತ್ತೆ ಏರುವುದು ಬಹಳ ಜನರಿಗೆ ಆಗುವಂಥದ್ದೇ. ಇದು ತಿಳಿಯದವನು ಒಂದು ಮದುವೆಯೂಟದಲ್ಲಿ ಬಾಯಿ ಜಾರಿತೆಂದರೆ "ರೊಕ್ಕ ಎಲ್ಲಾ ನೀರಾಗ ಹೋತು" ಎಂದು ತಲೆಗೆ ಕೈ ಹಚ್ಚಿ ಕೂಡುತ್ತಾನೆ.

ಹೋಗಿಲ್ಲ ಸ್ವಾಮಿ! ಒಂದು ಊಟಕ್ಕೆ ಹೊಟ್ಟೆ ಹಿಗ್ಗಿ ಮೊದಲಿನಂತಾಗುವುದಿಲ್ಲ. ಕೆಡುವುದು ಅದರ ಮುಂದಿನದರಿಂದ. "ಹೆಂಗೂ ಕೆಟ್ಟೇತಿ" ಎಂದು ರಾತ್ರಿ ಮತ್ತೆ ತಿನ್ನುವುದು, ತೂಕದ ಮಶಿನ್ನು ಮಂಚದ ಕೆಳಗೆ ತಳ್ಳುವುದು, ಡಾಕ್ಟರು ಬೈದಾರೆಂದು ತಪಾಸಣೆಗೇ ಹೋಗದಿರುವುದು. ಇನ್ನು ಕೆಲವರು ಮರುದಿನ ಪೂರಾ ಉಪವಾಸ! ಅದೂ ತಪ್ಪು, ಸಂಜೆಗೆ ಹಸಿವು ಎರಡರಷ್ಟಾಗಿ ಬರುತ್ತದೆ. ಮುಂದಿನ ಊಟದ ಹೊತ್ತಿಗೆ ಮಾಮೂಲಿ ಊಟ, ಅಷ್ಟೇ.

ಗಲ್ಲಾ ಮೇಲೆ ಕೂತವರಿಗೆ ಇನ್ನೊಂದು ಗಂಡಾಂತರ. ರೊಟ್ಟಿ, ಕಾಳು ಪಲ್ಯ ತಿಂದರೆ ಸಣ್ಣ ಹೊಟ್ಟೆ ಬೇಗ "ಸಾಕು" ಅನ್ನುತ್ತದೆ. ಗಿರ್ಮಿಟ್ಟು, ಸವಣೂರು ಖಾರಾ, ಚಹಾದಲ್ಲಿ ಅದ್ದಿದ ಬಿಸ್ಕೀಟು ಹಾಗಲ್ಲ. ಸರಕ್ಕನೆ ಇಳಿದುಹೋಗಿ ಮತ್ತೆ ಜಾಗ ಮಾಡಿಕೊಡುತ್ತವೆ. ಚಿಲ್ಲರೆ ವ್ಯಾಪಾರದ ಲೆಕ್ಕ ಅಂಗಡಿಕಾರರಿಗೆ ಹೇಳಿಕೊಡಬೇಕೆ? ಮುಷ್ಟಿ ಮುಷ್ಟಿ ತಿಂದದ್ದೇ ಸಂಜೆಗೆ ದೊಡ್ಡ ಮೊತ್ತ. ಬ್ಯಾಡಗಿ ಮೆಣಸಿನಕಾಯಿಯನ್ನು ಇಲ್ಲಿ ಬೈಯಬೇಡಿ. 2011ರಲ್ಲಿ ಭೌಗೋಳಿಕ ಮಾನ್ಯತೆ ಪಡೆದ ಆ ಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರಕ್ಕಲ್ಲ. ತೂಕ ಏರಿಸುವುದು ಹಿಟ್ಟು ಮತ್ತು ಎಣ್ಣೆ.

ಸಿಹಿಯದು ಬೇರೆಯೇ ಕಥೆ. ಬೈಪಾಸ್ ಆದವರು ಎರಡು ಉಂಡಿ ತಿಂದು ರಾಣೇಬೆನ್ನೂರಿನಲ್ಲಿ ಬಸ್ ಹತ್ತಿದರೆನ್ನಿ. ಸಕ್ಕರೆ ನೇರ ಕರುಳಿಗೆ ಧುಮುಕಿ, ಅರ್ಧ ತಾಸಿನೊಳಗೆ ಬೆವರು, ಎದೆ ಡವಡವ, ಹೊಟ್ಟೆ ಹಿಂಡಿ ಭೇದಿಗೆ ಅವಸರ. ಬಸ್ಸಿನ್ನೂ ಹಾವೇರಿ ಮುಟ್ಟಿರುವುದಿಲ್ಲ! ಇದಕ್ಕೆ ಡಂಪಿಂಗ್ ಎನ್ನುತ್ತಾರೆ. ಕೆಲವರಿಗೆ ಒಂದರಿಂದ ಮೂರು ತಾಸಿನ ಮೇಲೆ ರಕ್ತದ ಸಕ್ಕರೆ ಇಳಿದು ತಲೆ ತಿರುಗುವುದೂ ಉಂಟು.

ಉಪಾಯ ದೊಡ್ಡದೇನಲ್ಲ. ತಾಟಿನಲ್ಲಿ ಮೊದಲು ಮೊಟ್ಟೆ, ಹೆಸರುಕಾಳು, ಮೊಸರು. ಆಮೇಲೆ ಅನ್ನ, ರೊಟ್ಟಿ. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕು. ಒಂದು ಮೊಟ್ಟೆಯಲ್ಲಿ ಸಿಗುವುದು ಸುಮಾರು 6 ಗ್ರಾಂ ಎಂದಮೇಲೆ ಚುರುಮುರಿಗೆ ಜಾಗ ಎಲ್ಲಿ? ನುಣ್ಣಗೆ ಅಗಿಯಬೇಕು, ಬಸ್ ಬಂತೆಂದು ಗಬಗಬ ನುಂಗಿದರೆ ಸಿಕ್ಕಿಹಾಕಿಕೊಂಡು ವಾಂತಿ. ಊಟದ ಜೊತೆ ನೀರು ಬೇಡ, ಅರ್ಧ ತಾಸು ತಡೆಯಿರಿ. ಬಿ-12, ಕಬ್ಬಿಣ, ಕ್ಯಾಲ್ಸಿಯಂ ಗುಳಿಗೆಗಳನ್ನು "ಈಗ ಆರಾಮ ಅದೇನಲ್ಲ" ಎಂದು ಬಿಡುವಂತಿಲ್ಲ. ಬೀಗರ ಮನೆಯಲ್ಲಿ "ಇನ್ನೊಂದ್ ತುತ್ತು, ನಮ್ ಆಣಿ" ಎಂದು ಬಡಿಸುವವರಿಗೆ ಮನೆಯವರೇ ಮೊದಲು ಹೇಳಿಟ್ಟರೆ ಒಳಿತು. ಎಲೆ ಮುಂದೆ ಕೂತವನು ಒಬ್ಬನೇ ಎಷ್ಟು ಹೊತ್ತು ಕೈ ಅಡ್ಡ ಹಿಡಿದಾನು?

ಬಾಯಿ ಜಾರಿದ್ದು ಬೇರೆ, ಕಾಯಿಲೆ ಬೇರೆ. ದಿನವಿಡೀ ನೀರೂ ನಿಲ್ಲದಂತೆ ವಾಂತಿಯಾದರೆ, ಹೊಟ್ಟೆನೋವು ಬಿಡದಿದ್ದರೆ ಅದೇ ದಿನ ಆಸ್ಪತ್ರೆಗೆ. ವಾಂತಿ ಹಲವು ದಿನ ನಡೆದರೆ ಬಿ-1 ಜೀವಸತ್ವ ಬರಿದಾಗಿ ಕಾಲು ಜೋಮು ಹಿಡಿಯುತ್ತದೆ, ಕಣ್ಣಿಗೆ ಒಂದು ಎರಡಾಗಿ ಕಾಣುತ್ತದೆ. ಆಗ ತಡಮಾಡಿದರೆ ನರಕ್ಕೆ ಬಿದ್ದ ಪೆಟ್ಟು ವಾಸಿಯಾಗದೆ ಉಳಿಯಬಹುದು.

ಇನ್ನೊಂದು. ಸೊಂಟನೋವೆಂದು ಔಷಧ ಅಂಗಡಿಯಲ್ಲಿ ಐಬುಪ್ರೊಫೆನ್, ಡೈಕ್ಲೊಫೆನಾಕ್ ಥರದ ಗುಳಿಗೆ ತಾವೇ ಕೇಳಿ ತಗೊಳ್ಳಬೇಡಿ; ಬೈಪಾಸ್ ಆದವರಿಗೆ ಅದರಿಂದ ಹೊಟ್ಟೆಯ ಜೋಡಣೆಯಲ್ಲಿ ಹುಣ್ಣಾಗುತ್ತದೆ. ಯಾವ ಡಾಕ್ಟರ ಹತ್ತಿರ ಹೋದರೂ ಮೊದಲು "ನಂದು ಹೊಟ್ಟಿ ಬೈಪಾಸ್ ಆಗೇತ್ರಿ" ಅನ್ನಿ. ಬರೇ ಬೈಪಾಸ್ ಅಂದರೆ ಅವರು ಎದೆಯ ಮೇಲೆ ಸ್ಟೆತಸ್ಕೋಪ್ ಇಡುತ್ತಾರೆ!